ಸದ್ದಿಲ್ಲದ ಭಾಗ

ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಅವನು ಮುಟ್ಟಲಿಲ್ಲ. ಪಕ್ಕದಲ್ಲಿ ಕೂತಿದ್ದ ಪ್ರೊಫೆಸರರು ತಟ್ಟೆಯನ್ನು ಅವನ ಕಡೆ ಸರಿಸಿದಾಗಲೆಲ್ಲ ಬೇಡವೆಂದು ತಲೆಯಾಡಿಸಿದ. 'ಏನ್ರೀ, ಈ ವಯಸ್ಸಿಗೇ ಸಕ್ಕರೆ ಕಾಯಿಲೆನಾ?' ಎಂದು ಅವರು ಪಿಸುಗುಟ್ಟಿ, ಉತ್ತರಕ್ಕೂ ಕಾಯದೆ ತಾವೇ ಒಂದನ್ನು ಬಾಯಿಗೆ ಹಾಕಿಕೊಂಡರು. ಕರುಂ ಎಂದಿತು. ಆ ಸದ್ದು ಎಲ್ಲರಿಗೂ ಅಷ್ಟೇ ಜೋರಾಗಿ ಕೇಳಿತೋ, ತನ್ನ ಕಿವಿಗೆ ಮಾತ್ರ ಹಾಗೆ ಕೇಳಿತೋ ಎಂದು ಅವನು ಸುತ್ತ ಕಣ್ಣಾಡಿಸಿದ. ಯಾರೂ ಇತ್ತ ತಿರುಗಲಿಲ್ಲ. ವಿಚಾರ ಸಂಕಿರಣಕ್ಕೆ ಬಂದಿದ್ದ ಎಲ್ಲರೂ ಪರದೆಯ ಮೇಲಿನ ಹಳೆಯ ನಕಾಶೆಗಳನ್ನು ನೋಡುತ್ತಿದ್ದರು. ಕಾಗದದ ಮೇಲೆ ಕೊಳೆಯುತ್ತಿದ್ದ ಊರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ನೋಡುವಂತೆ ಮಾಡಿದ್ದೇವೆ ಎಂದು ದಪ್ಪ ಕನ್ನಡಕದ ಸಂಶೋಧಕಿಯೊಬ್ಬಳು ಹೇಳುತ್ತಿದ್ದಳು. ದತ್ತಾಂಶ ಯಾರಪ್ಪನ ಮನೆಯ ಆಸ್ತಿಯೂ ಅಲ್ಲ ಎಂದಾಗ ಕೆಲವರು ನಕ್ಕರು. ಅವನೂ ನಕ್ಕ. ನಕ್ಕಮೇಲೆ ಮುಖವನ್ನು ಮೊದಲಿನಂತೆ ಮಾಡಿಕೊಳ್ಳುವುದು ಹೇಗೆಂದು ತಿಳಿಯದೆ ಒಂದಷ್ಟು ಹೊತ್ತು ಹಾಗೇ ಹಲ್ಲು ಬಿಟ್ಟುಕೊಂಡು ಕೂತಿದ್ದ. ಮುಂದಿನ ಸರದಿ ಅವನದು. ಕಾರ್ಯಕ್ರಮ ಪಟ್ಟಿಯಲ್ಲಿ ಅವನ ಮಾತಿಗೆ 'ಆಲಿಸುವವರ ಸಮಯ ಉಳಿಸುವುದು: ಧ್ವನಿ ಸಂಗ್ರಹಗಳಿಗೊಂದು ಹೊಸ ವಿಧಾನ' ಎಂಬ ಶೀರ್ಷಿಕೆಯಿತ್ತು. ಅದನ್ನು ಕೊಟ್ಟ ದಿನ ಅವನಿಗೆ ಅದು ಬಹಳ ಚೆನ್ನಾಗಿದೆ ಅನಿಸಿತ್ತು.

ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಅತ್ತೆಯ ಫೋನು ಬಂದಿತ್ತು. ಅಪ್ಪನ ಅಕ್ಕ ಅವಳು. ಆಟಿಕೆ ಕಾರ್ಖಾನೆಯಲ್ಲಿ ಬಟ್ಟೆಯ ಕರಡಿಗಳಿಗೆ ಹತ್ತಿ ತುಂಬುತ್ತ ಅರ್ಧ ಆಯಸ್ಸು ಕಳೆದವಳು. ಫೋನಿನಲ್ಲಿ ಅವಳು ಎಂದೂ ಸುತ್ತಿ ಬಳಸಿ ಮಾತಾಡಿದವಳಲ್ಲ. ಇವತ್ತು ಮಾತ್ರ, ತಿಂಡಿ ಆಯ್ತಾ, ಬೆನ್ನುನೋವು ಹೇಗಿದೆ ಎಂದೆಲ್ಲ ಕೇಳಿದಳು. 'ಮಣಿ ಈ ವಾರಾನೂ ಬರ್ಲಿಲ್ಲ ಕಣೋ. ಫೋನ್ ಮಾಡಿದ್ರೆ ಕೆಲಸ ಇದೆ ಅಂತಾಳೆ. ಅದೇನೋ ನಿನ್ನ ವೆಬ್‌ಸೈಟಲ್ಲಿ ನಾನು ಮಾತಾಡಿದ್ದು ಕೇಳಿದಾಳಂತೆ. ನಾನೂ ನಿನ್ನೆ ಪಕ್ಕದ ಮನೆಯೋರ ಹತ್ರ ಹಾಕಿಸಿಕೊಂಡು ಕೇಳ್ದೆ.' ಇಸ್ತ್ರಿಪೆಟ್ಟಿಗೆ ಕಾಲರಿನ ಮೇಲೆ ನಿಂತೇ ಇತ್ತು. 'ನಂಗೊಂದು ಹೇಳು. ಬೆಂಕಿ ಬಿದ್ದ ದಿನ ವಾಪಸ್ ಒಳಗೆ ಹೋಗ್ಬೇಕು ಅನಿಸ್ಲಿಲ್ವಾ ಅಂತ ಕೇಳಿದ್ಯಲ್ಲ, ನಾನು ಅಷ್ಟು ಬೇಗ ಉತ್ತರ ಕೊಟ್ನಾ? ನಂಗೆ ಎಷ್ಟೋ ಹೊತ್ತು ಬಾಯೇ ಬರ್ಲಿಲ್ಲ ಅಂತ ನೆನಪು. ಕಿಟಕಿ ನೋಡ್ಕೊಂಡು ಕೂತಿದ್ದೆ. ಅದ್ರಲ್ಲಿ ನೋಡಿದ್ರೆ ನೀನು ಕೇಳಿದ್ದೇ ತಡ, ಇಲ್ಲ ಅಂದ್ಬಿಟ್ಟಿದೀನಿ. ವಯಸ್ಸಾಯ್ತು ನೋಡು, ನೆನಪೂ ಕೈ ಕೊಡತ್ತೆ. ಹಾಗೇ ಹೇಳಿದ್ನೇನೋ?'

'ಹೌದು ಅತ್ತೆ, ಹಾಗೇ ಇತ್ತು' ಎಂದುಬಿಟ್ಟಿದ್ದ.

'ಹಾಗಾ' ಎಂದಳು ಅತ್ತೆ. ಆಮೇಲೆ, 'ಹಾಗಿದ್ರೆ ಅವಳು ಬರದೇ ಇರೋದೇ ಸರಿ ಬಿಡು' ಎಂದು ಫೋನಿಟ್ಟಳು. ಕಾಲರು ಸುಟ್ಟು ಕಂದು ಬಣ್ಣಕ್ಕೆ ತಿರುಗಿತ್ತು. ಬೇರೆ ಅಂಗಿ ಹಾಕಿಕೊಂಡು ಬಂದಿದ್ದ. ಈ ಅಂಗಿಯ ಕುತ್ತಿಗೆ ಬಿಗಿ. ಸಭಾಂಗಣದಲ್ಲಿ ಕೂತಾಗಿನಿಂದ ಒಂದೇ ಸಮನೆ ಬೆರಳು ತೂರಿಸಿ ಸಡಿಲ ಮಾಡಿಕೊಳ್ಳುತ್ತಿದ್ದ.

ಮಣಿ ಎಂಬುದು ಅವಳ ನಿಜವಾದ ಹೆಸರಲ್ಲ. ಅವಳ ಅಮ್ಮನೂ ಅತ್ತೆಯೂ ಕಾರ್ಖಾನೆಯಲ್ಲಿ ಒಂದೇ ಮೇಜಿನಲ್ಲಿ ಕೆಲಸ ಮಾಡುತ್ತಿದ್ದರು. ಅತ್ತೆ ಹತ್ತಿ ತುಂಬಿ ಕೊಟ್ಟ ಕರಡಿಗೆ ಅವಳ ಅಮ್ಮ ಗಾಜಿನ ಮಣಿಯ ಕಣ್ಣು ಹೊಲಿಯಬೇಕು. ಬಿರುಕು ಬಿಟ್ಟ ಮಣಿಗಳನ್ನು ಅವಳಮ್ಮ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಮನೆಗೆ ತರುತ್ತಿದ್ದಳು. ಮಗು ಅವುಗಳನ್ನು ಜೇಬಿನಲ್ಲಿ ತುಂಬಿಕೊಂಡು ಗಲಗಲ ಸದ್ದು ಮಾಡುತ್ತ ತಿರುಗುತ್ತಿತ್ತು. ಬೆಂಕಿ ಬಿದ್ದ ದಿನ ಅತ್ತೆ ಹೊರಗೆ ಬಂದಳು, ಆ ಮಗುವಿನ ಅಮ್ಮ ಬರಲಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಮಗುವನ್ನು ಅತ್ತೆ ಮನೆಗೆ ಕರೆದುಕೊಂಡು ಬಂದು ಸಾಕಿದಳು; ಮಗು ಅವಳನ್ನು ದೊಡ್ಡಮ್ಮ ಎನ್ನುತ್ತಿತ್ತು. ರಜೆಯಲ್ಲಿ ಅವನೂ ಅಲ್ಲೇ ಬಂದು ಇರುತ್ತಿದ್ದುದರಿಂದ ಇಬ್ಬರೂ ಒಂದೇ ತಟ್ಟೆಗೆ ಕೈಹಾಕಿ ಕಿತ್ತಾಡಿದವರೇ. ಆದರೆ ಅಷ್ಟು ವರ್ಷಗಳಲ್ಲಿ ಮಣಿ ಒಮ್ಮೆಯೂ ಆ ದಿನದ ಮಾತೆತ್ತಲಿಲ್ಲ, ಅತ್ತೆ ತಾನಾಗಿ ಹೇಳಲೂ ಇಲ್ಲ. ಅವರಿಬ್ಬರೂ ಜೀವಮಾನವಿಡೀ ಹಾದುಹೋಗದೆ ಬಿಟ್ಟಿದ್ದ ಬಾಗಿಲನ್ನು ಅವನು ಒಂದು ಸಂಜೆ ಮೈಕು ಹಿಡಿದುಕೊಂಡು ಹೋಗಿ ತಳ್ಳಿದ್ದ. ಏಕೆ ತಳ್ಳಿದೆ ಎಂದು ಯಾರಾದರೂ ಕೇಳಿದ್ದರೆ, ಕಾರ್ಖಾನೆಯ ಹೆಂಗಸರ ನೆನಪುಗಳು ಮುಂದಿನ ಪೀಳಿಗೆಗೆ ಉಳಿಯಲಿ ಎನ್ನುತ್ತಿದ್ದ. ಅದು ಸುಳ್ಳೂ ಅಲ್ಲ. ಆದರೆ ಆ ಪ್ರಶ್ನೆ ಬಾಯಿಂದ ಹೊರಟ ಗಳಿಗೆಯಲ್ಲಿ ಅವನ ತಲೆಯಲ್ಲಿದ್ದದ್ದು ಪೀಳಿಗೆಯಲ್ಲ, ಸಂದರ್ಶನ ಸಪ್ಪೆಯಾಗಿದೆ, ಒಂದು ಒಳ್ಳೆಯ ತುಣುಕಾದರೂ ಸಿಗಬೇಕು ಎಂಬ ಯೋಚನೆ. ಈ ಸತ್ಯ ಅವನಿಗೆ ಆಗಲೂ ಗೊತ್ತಿತ್ತು.

'ಮುಂದಿನ ಮಾತು ನಮ್ಮ ಧ್ವನಿ ಭಂಡಾರದ ರೂವಾರಿಯವರದು' ಎಂದು ನಿರೂಪಕಿ ಕರೆದಳು. ಅವನು ಎದ್ದು ಹೋಗಿ ಮೈಕಿನ ಮುಂದೆ ನಿಂತ. ರೂವಾರಿ ಎಂಬ ಮಾತಿಗೆ ಮೈ ಮುದುಡಿತು. ಆದರೂ ಮಾತು ಶುರುವಾಯಿತು. ಆಶ್ಚರ್ಯವೆಂದರೆ ಅದು ಚೆನ್ನಾಗಿಯೇ ಶುರುವಾಯಿತು. ಜನ ಮಾತಾಡುವಾಗ ಎಷ್ಟು ತಡವರಿಸುತ್ತಾರೆ, ಕೆಮ್ಮುತ್ತಾರೆ, ನೀರು ಕುಡಿಯುತ್ತಾರೆ, ಸುಮ್ಮನೆ ಕೂರುತ್ತಾರೆ; ಒಂದು ಗಂಟೆಯ ಧ್ವನಿಮುದ್ರಿಕೆಯಲ್ಲಿ ನಿಜವಾದ ಮಾತು ಎಷ್ಟು ಕಡಿಮೆ ಎಂದು ಲೆಕ್ಕ ಹೇಳಿದ. ತಾನು ಬರೆದ ಪುಟ್ಟ ಪ್ರೋಗ್ರಾಮು ಆ ಸದ್ದಿಲ್ಲದ ಭಾಗಗಳನ್ನೆಲ್ಲ ತಾನಾಗಿ ಹುಡುಕಿ ತೆಗೆದುಹಾಕುತ್ತದೆ. ಆಮೇಲೆ ಯಾರಾದರೂ 'ಬೆಂಕಿ' ಎಂದೋ 'ಕೂಲಿ' ಎಂದೋ ಹುಡುಕಿದರೆ ಪ್ರಶ್ನೆ, ಉತ್ತರ ಎರಡೂ ಒಂದರ ಪಕ್ಕ ಒಂದು ನೇರವಾಗಿ ಸಿಗುತ್ತವೆ ಎಂದು ವಿವರಿಸಿದ. ತಲೆಗಳು ಆಡಿದವು. ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು. ಹೇಳುತ್ತ ಹೇಳುತ್ತ ಅವನ ದನಿಗೆ ಒಂದು ಹುಮ್ಮಸ್ಸೂ ಬಂತು. ಆ ಹುಮ್ಮಸ್ಸಿನ ಬಗ್ಗೆ ಅವನಿಗೆ ಅಲ್ಲೇ, ಮಾತಾಡುತ್ತಿರುವಾಗಲೇ ಅಸಹ್ಯವೆನಿಸಿತು. ಬೆಳಿಗ್ಗೆ ಒಬ್ಬ ಮುದುಕಿಗೆ ಅವಳ ನೆನಪೇ ಸುಳ್ಳೆಂದು ಹೇಳಿ ಬಂದ ಬಾಯಿ ಇದು, ಇಷ್ಟು ಸಲೀಸಾಗಿ ಆಡುತ್ತಿದೆಯಲ್ಲ ಎಂದುಕೊಂಡ.

ಆ ಪ್ರೋಗ್ರಾಮು ಹುಟ್ಟಿದ ಕಥೆಯನ್ನು ಅವನು ಸಭೆಗೆ ಹೇಳಲಿಲ್ಲ. ಪ್ರಬಂಧದಲ್ಲೂ ಬರೆದಿರಲಿಲ್ಲ. ಅತ್ತೆಯ ಮುದ್ರಿಕೆಯನ್ನು ಕಚೇರಿಯಲ್ಲಿ ಮೊದಲ ಸಲ ಕೇಳಿದ ದಿನ ಅವನಿಗೆ ಕೇಳಿಸಿದ್ದು ಅತ್ತೆಯ ಮೌನವಲ್ಲ, ತನ್ನ ಬಾಯಿ. ಅವತ್ತು ಅತ್ತೆ ತಟ್ಟೆ ತುಂಬ ಬಿಸ್ಕತ್ತಿಟ್ಟು, 'ತಿನ್ನು, ಒಣಗಿ ಹೋಗಿದೀಯ' ಎಂದಿದ್ದಳು. ಅವನು ಪ್ರಶ್ನೆ ಕೇಳಿದ. ಅವಳು ಕಿಟಕಿಯ ಕಡೆ ತಿರುಗಿದಳು. ಉತ್ತರ ಬರಲಿಲ್ಲ. ಬರುತ್ತದೆ, ಕಾಯಬೇಕು ಎಂದು ಅವನು ಕಾದ. ಕಾಯುವವನಿಗೆ ಕೈಗೊಂದು ಕೆಲಸ ಬೇಕಲ್ಲ. ಒಂದು ಬಿಸ್ಕತ್ತು ತೆಗೆದುಕೊಂಡ, ಅದು ಮುಗಿದಾಗ ಇನ್ನೊಂದು. ಮೈಕು ಅವನ ಗಲ್ಲದ ಕೆಳಗೇ ಇತ್ತು. ಕಚೇರಿಯಲ್ಲಿ ಹೆಡ್‌ಫೋನು ಹಾಕಿಕೊಂಡು ಕೇಳಿದರೆ ದನ ಮೇಯುತ್ತಿರುವ ಹಾಗೆ ಕರುಂ ಕರುಂ, ಆಮೇಲೆ ನಾಲಿಗೆಯಿಂದ ಹಲ್ಲಿನ ಸಂದು ಕೆದಕುವ ಸದ್ದು, ಆಮೇಲೆ ಒಂದು ಗುಟುಕು ಚಹಾ ಹೀರುವ ಸದ್ದು. ಇದನ್ನು ಜಗತ್ತು ಕೇಳುತ್ತದೆಯೇ ಎಂದು ಅವನ ಕಿವಿ ಬಿಸಿಯಾಗಿತ್ತು. ಕೈಯಿಂದ ಕತ್ತರಿಸಿದ್ದರೆ ಅದು ಕಳ್ಳತನದಂತೆ ಅನಿಸುತ್ತಿತ್ತು. ಆದ್ದರಿಂದ ಅದಕ್ಕೊಂದು ನಿಯಮ ಮಾಡಿದ. ಎಷ್ಟು ಸಣ್ಣ ಸದ್ದನ್ನು ಸದ್ದೇ ಅಲ್ಲವೆಂದು ತಿಳಿಯಬೇಕು ಎಂದು ಪ್ರೋಗ್ರಾಮಿಗೆ ಒಂದು ಮಟ್ಟ ಹೇಳಿಕೊಡಬೇಕಾಗುತ್ತದೆ. ಆ ಮಟ್ಟವನ್ನು ಅವನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಹೋಗಿ, ತನ್ನ ಅಗಿಯುವಿಕೆ ಪೂರ್ತಿ ಮಾಯವಾದ ಕಡೆ ನಿಲ್ಲಿಸಿದ. ಅತ್ತೆಯ ಉಸಿರಂತೂ ಅದಕ್ಕಿಂತ ಎಷ್ಟೋ ಸಣ್ಣದು. ಅದೂ ಹೋಯಿತು. ಆಮೇಲೆ, ಒಬ್ಬರಿಗೆ ಮಾಡಿ ಇನ್ನೊಬ್ಬರಿಗೆ ಮಾಡದಿದ್ದರೆ ತಪ್ಪಾಗುತ್ತದೆಂದು, ಭಂಡಾರದಲ್ಲಿದ್ದ ಎಲ್ಲ ಹೆಂಗಸರ ಮುದ್ರಿಕೆಗಳ ಮೇಲೂ ಅದನ್ನೇ ಓಡಿಸಿದ. ಅವನ ಹಲ್ಲಿನ ಸದ್ದಿನ ಅಳತೆಗೆ ಎಲ್ಲರ ಮೌನವೂ ಕತ್ತರಿಸಲ್ಪಟ್ಟಿತು. ಅದಕ್ಕೆ ವಿಧಾನ ಎಂಬ ಹೆಸರು ಬಂತು, ಪ್ರಬಂಧವಾಯಿತು, ಇವತ್ತು ಈ ವೇದಿಕೆಯನ್ನೂ ಹತ್ತಿಸಿತು.

ಪರದೆಯ ಮೇಲೆ ಉದಾಹರಣೆ ಬಂದಾಗ ಅವನು ಬೆಚ್ಚಿಬಿದ್ದ. ಎಂದೋ ಮಾಡಿಟ್ಟಿದ್ದ ಚಿತ್ರ, ಬದಲಿಸಲು ಮರೆತಿದ್ದ. ಮೇಲ್ಗಡೆ ಕತ್ತರಿಸುವ ಮುಂಚಿನ ಧ್ವನಿಯ ಗೆರೆ, ಕೆಳಗಡೆ ಕತ್ತರಿಸಿದ ನಂತರದ್ದು. ಮೇಲಿನದರಲ್ಲಿ ಅವನ ಪ್ರಶ್ನೆಯ ಏರಿಳಿತ, ಆಮೇಲೆ ಪರದೆಯ ಆ ತುದಿಯವರೆಗೆ ಉದ್ದಕ್ಕೂ ಮಲಗಿದ್ದ ತೆಳು ಗೆರೆ, ಕೊನೆಯಲ್ಲೊಂದು ಪುಟ್ಟ ಉಬ್ಬು. ಕೆಳಗಿನದರಲ್ಲಿ ಪ್ರಶ್ನೆ, ಅದರ ಬೆನ್ನಿಗೇ ಆ ಉಬ್ಬು. ಆ ಉಬ್ಬು ಅತ್ತೆಯ 'ಇಲ್ಲ'. ಅಷ್ಟು ದೊಡ್ಡದಾಗಿ ಗೋಡೆಯ ಮೇಲೆ ಅದನ್ನು ಅವನು ಎಂದೂ ನೋಡಿರಲಿಲ್ಲ. ನೋಡಿ ಎಂದು ಬೆರಳು ತೋರಿಸಬೇಕಿತ್ತು, ಕೈ ಮೇಲೇಳಲಿಲ್ಲ. ಆಗ ನಕಾಶೆಯ ಸಂಶೋಧಕಿ ಎದ್ದು ನಿಂತಳು. ಅವಳ ದನಿಯಲ್ಲಿ ಕೆಣಕುವ ಭಾವವೇನೂ ಇರಲಿಲ್ಲ, ಬರಿಯ ಕುತೂಹಲ. 'ಸರ್, ಒಂದು ಸಣ್ಣ ಪ್ರಶ್ನೆ. ಮೇಲ್ಗಡೆ ಅಷ್ಟುದ್ದ ಖಾಲಿ ಇದೆಯಲ್ಲ, ಅಲ್ಲಿ ಏನಿತ್ತು?'

'ಏನಿಲ್ಲ' ಎಂದ ಅವನು.

ಅವಳ ಪ್ರಶ್ನೆ ಮುಗಿಯುವ ಮುಂಚೆಯೇ ಎಂದಿದ್ದ. ಯಾವ ಪ್ರೋಗ್ರಾಮಿನ ಸಹಾಯವೂ ಬೇಕಿರಲಿಲ್ಲ. ಅವಳು ತಲೆಯಾಡಿಸಿ ಕೂತಳು, ಚಪ್ಪಾಳೆ ಬಿತ್ತು, ಪ್ರೊಫೆಸರರು ಅವನ ಭುಜ ತಟ್ಟಿ 'ಚೆನ್ನಾಗಿ ಜಮಾಯಿಸಿದ್ರಿ' ಎಂದರು. ಅವರ ಮೀಸೆಯ ತುದಿಯಲ್ಲಿ ಬಿಸ್ಕತ್ತಿನ ಚೂರೊಂದು ಕೂತಿತ್ತು. ಅವನಿಗೆ ನೆಲ ಬಿರಿದರೆ ಒಳಗೆ ಇಳಿದುಬಿಡೋಣ ಎನಿಸಿತು. ನೆಲವೇನೂ ಬಿರಿಯಲಿಲ್ಲ, ಊಟದ ವಿರಾಮ ಕೊಟ್ಟರು.

ಊಟಕ್ಕೆ ಹೋಗದೆ ಅವನು ಮೆಟ್ಟಿಲಿಳಿದು ಅದೇ ಕಟ್ಟಡದ ನೆಲಮಾಳಿಗೆಗೆ ಹೋದ. ಅಲ್ಲಿ ಭಂಡಾರದ ಸರ್ವರ್ ಯಂತ್ರಗಳನ್ನು ನೋಡಿಕೊಳ್ಳುವವನೊಬ್ಬನಿದ್ದ. ಕಚೇರಿಯವರೆಲ್ಲ ಅವನನ್ನು ಸರ್ವರ್ ಸಾಹೇಬರು ಎಂದು ಕರೆಯುತ್ತಿದ್ದರು, ಏಕೆಂದರೆ ಅವನ ಮುಂದೆ ಕೈಕಟ್ಟಿ ನಿಲ್ಲದೆ ಯಾರಿಗೂ ಒಂದು ಫೈಲೂ ಸಿಗುತ್ತಿರಲಿಲ್ಲ. ಸಾಹೇಬರು ಕುರ್ಚಿಯಲ್ಲಿ ಒರಗಿ, ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದ್ದರು.

'ಹೆಂಗಸರ ಮುದ್ರಿಕೆಗಳ ಮೂಲಪ್ರತಿ ಅಳಿಸಿಬಿಡಿ ಅಂತ ಹೇಳಿದ್ದೆನಲ್ಲ' ಎಂದ ಅವನು. 'ಅಳಿಸಿದ್ರಾ?'

ಸಾಹೇಬರು ಕಾಲು ಕೆಳಗಿಳಿಸದೆ ಕಣ್ಣು ಬಿಟ್ಟರು. 'ನೋಡಿ ಸರ್, ಬೈಬೇಡಿ. ಅಳಿಸಬೇಕಾದ್ರೆ ಮೇಲಿನೋರ ಒಪ್ಪಿಗೆ ತಗೋಬೇಕು, ಅದಕ್ಕೆ ನಾಲ್ಕು ಜನರ ಹಿಂದೆ ಅಲೀಬೇಕು. ಯಾರು ಅಲೀತಾರೆ ಈ ಸೆಕೆಯಲ್ಲಿ? ನಾಳೆ ಮಾಡೋಣ, ನಾಳೆ ಮಾಡೋಣ ಅಂತ ಹಾಗೇ ಬಿಟ್ಟಿದೀನಿ.'

ಒಬ್ಬ ಮನುಷ್ಯನ ಸೋಮಾರಿತನಕ್ಕೆ ಇಷ್ಟು ಕೃತಜ್ಞನಾಗಬೇಕಾಗಿ ಬಂದೀತೆಂದು ಅವನೆಂದೂ ಎಣಿಸಿರಲಿಲ್ಲ. ಅತ್ತೆಯದನ್ನು ಮೊಬೈಲಿಗೆ ಹಾಕಿಸಿಕೊಂಡ. ಬಾಗಿಲವರೆಗೆ ಹೋದವನು ತಿರುಗಿ, 'ಸೈಟಲ್ಲಿರೋದನ್ನೆಲ್ಲ ತೆಗೆದು ಹಳೇದನ್ನೇ ವಾಪಸ್ ಹಾಕಿ' ಎಂದ. 'ಎಲ್ಲಾನೂ?' ಸಾಹೇಬರು ಈಗ ನೆಟ್ಟಗೆ ಕೂತರು. 'ಮತ್ತೆ ನೀವೀಗ ಮೇಲುಗಡೆ ಭಾಷಣ ಮಾಡಿದ್ದು?' ಅಷ್ಟರಲ್ಲಿ ಅವನು ಮೆಟ್ಟಿಲು ಹತ್ತುತ್ತಿದ್ದ.

ಮಣಿ ಕೆಲಸ ಮಾಡುವ ಕನ್ನಡಕದ ಅಂಗಡಿ ಎರಡು ಬೀದಿ ದಾಟಿದರೆ ಸಿಗುತ್ತದೆ. ಬಿಸಿಲಿನಲ್ಲಿ ನಡೆಯುತ್ತ ಅವನು ಹೇಳಬೇಕಾದ್ದನ್ನು ಜೋಡಿಸಿಕೊಂಡ. ತಾಂತ್ರಿಕ ದೋಷ ಎನ್ನಬಹುದು. ಪ್ರೋಗ್ರಾಮು ಎಡವಿತು ಎನ್ನಬಹುದು. ಪಾದಚಾರಿ ದಾರಿಯ ಮೇಲೆ ಪೈಪು ಹೂಳಲು ಅಗೆದಿದ್ದರು. ಮಣ್ಣಿನ ಗುಡ್ಡೆ ಸುತ್ತಿ ರಸ್ತೆಗಿಳಿದಾಗ ಬಸ್ಸೊಂದು ಮೈ ಸವರಿಕೊಂಡೇ ಹೋಯಿತು, ಚಾಲಕ ಬೈದ. ಆ ಬೈಗುಳದಿಂದ ಅವನಿಗೆ ತುಸು ಹಗುರವೆನಿಸಿತು. ಅಂಗಡಿಯ ಗಾಜಿನಾಚೆ ಮಣಿ ಬಿಳಿ ಕೋಟು ತೊಟ್ಟು, ಗಿರಾಕಿಯೊಬ್ಬನ ಕಿವಿಯ ಹಿಂದೆ ಚೌಕಟ್ಟಿನ ಕಡ್ಡಿ ಸರಿ ಕೂರುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದಳು. ಇವನನ್ನು ಕಂಡಳು. ಕಂಡೂ ತನ್ನ ಕೆಲಸ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಗಿರಾಕಿ ಹಣ ಕೊಡಲು ಗಲ್ಲಾಪೆಟ್ಟಿಗೆಯ ಕಡೆ ಹೋದಮೇಲೆ ಇವನ ಬಳಿ ಬಂದಳು.

'ದೊಡ್ಡಮ್ಮ ಕಳಿಸಿದ್ಲಾ?'

'ಇಲ್ಲ. ನಾನೇ ಬಂದೆ.'

'ಅಣ್ಣಾ, ನೋಡು. ಅವಳು ಒಳಗೆ ಹೋಗ್ಲಿಲ್ಲ ಅನ್ನೋದು ನಂಗೆ ಚಿಕ್ಕವಳಿದ್ದಾಗಿಂದ ಗೊತ್ತು. ಹೋಗಿದ್ರೆ ಅವಳೂ ಇರ್ತಿರ್ಲಿಲ್ಲ, ನನ್ನನ್ನ ಯಾರು ಸಾಕ್ತಿದ್ರು? ಅದಲ್ಲ ನನ್ನ ಸಂಕಟ.' ಅವಳು ಗಾಜು ಒರೆಸುವ ಬಟ್ಟೆಯನ್ನು ಮಡಿಸುತ್ತಲೇ ಇದ್ದಳು, ಮಡಿಸಲು ಜಾಗ ಉಳಿಯದಷ್ಟು. 'ಅಂಗಡಿಗೆ ಹೋಗಿ ಉಪ್ಪಿದೆಯಾ ಅಂತ ಕೇಳಿದ್ರೆ ಇಲ್ಲ ಅಂತಾರಲ್ಲ, ಹಾಗೆ ಹೇಳಿಬಿಟ್ಲು. ಸಾಯ್ತಿದ್ದೋಳು ನಮ್ಮಮ್ಮ ಕಣೋ. ಒಂದು ಉಸಿರು ಎಳ್ಕೊಳ್ಳೋಷ್ಟಾದ್ರೂ ಯೋಚನೆ ಮಾಡಬಾರದಿತ್ತಾ?'

ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಅವನು ಇಯರ್‌ಫೋನನ್ನು ಮೊಬೈಲಿಗೆ ಸಿಕ್ಕಿಸಿ ಅವಳ ಕೈಗಿತ್ತ. 'ಇದು ನಿಜವಾದದ್ದು. ಕೇಳು.'

ಅವಳು ಕಿವಿಗಿಟ್ಟುಕೊಂಡಳು. ಅವನಿಗೆ ಏನೂ ಕೇಳಿಸುತ್ತಿರಲಿಲ್ಲ, ಆದರೆ ಅವಳ ಮುಖ ಕಾಣುತ್ತಿತ್ತು. ಪ್ರಶ್ನೆ ಬಂದಾಗ ಅವಳು ಹಲ್ಲು ಕಚ್ಚಿ, ಹಿಂದೆ ಒಮ್ಮೆ ತಿಂದ ಪೆಟ್ಟಿಗೆ ಮತ್ತೆ ಬೆನ್ನು ಕೊಟ್ಟವಳಂತೆ ನಿಂತಳು. ಪೆಟ್ಟು ಬೀಳಲಿಲ್ಲ. ಮೊಬೈಲು ನಿಂತುಹೋಯಿತೇನೋ ಎಂದು ಅದನ್ನೊಮ್ಮೆ ನೋಡಿದಳು. ಓಡುತ್ತಲೇ ಇತ್ತು. ನಿಧಾನವಾಗಿ ಅವಳ ತೋಳು ಸಡಿಲವಾಯಿತು, ಕೈಯಲ್ಲಿದ್ದ ಬಟ್ಟೆ ಬಿಚ್ಚಿಕೊಂಡಿತು. ಒಮ್ಮೆ ಹುಬ್ಬು ಗಂಟಿಕ್ಕಿದಳು. ಅಲ್ಲಿ ಕರುಂ ಬಂದಿರಬೇಕು ಎಂದು ಅವನು ತಲೆ ತಗ್ಗಿಸಿದ. ಕಪಾಟಿನ ತುಂಬ ಕನ್ನಡಕಗಳು, ಒಂದರಲ್ಲೂ ಕಣ್ಣಿಲ್ಲ, ಆದರೂ ಅವೆಲ್ಲ ತನ್ನನ್ನೇ ನೋಡುತ್ತಿವೆ ಅನಿಸಿತು. ಮೂರು ನಿಮಿಷದ ಮೇಲಿತ್ತು ಆ ಮೌನ. ಅದು ಇಷ್ಟು ಉದ್ದವೆಂದು ಅಲ್ಲಿ ಕೂತು ತಿನ್ನುತ್ತಿದ್ದಾಗ ಅವನಿಗೆ ತಿಳಿದಿರಲಿಲ್ಲ. ಈಗ, ತಿನ್ನಲು ಏನೂ ಇಲ್ಲದೆ ನಿಂತಾಗ ತಿಳಿಯಿತು. ಕೊನೆಗೆ ಮಣಿಯ ಕಣ್ಣು ತುಂಬಿತು. ಉತ್ತರ ಬಂದಿತ್ತು. ಅದೇ ಉತ್ತರ.

ಅವಳು ಇಯರ್‌ಫೋನು ತೆಗೆದು, ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡಳು. 'ಅವಳ ಉಸಿರು ಕೇಳ್ಸತ್ತೆ. ಅಳೋಕೆ ಹೋಗಿ ನುಂಗಿಕೊಂಡಿದ್ದೂ ಕೇಳ್ಸತ್ತೆ.' ಆಮೇಲೆ, 'ಮಧ್ಯದಲ್ಲಿ ಅದೇನದು, ಕರುಂ ಕರುಂ ಅಂತ?'

'ನಾನು. ಬಿಸ್ಕತ್ತು.'

ಅವಳು ಅವನನ್ನೇ ನೋಡಿದಳು. ನಗುತ್ತಾಳೇನೋ ಅನಿಸಿತು. ನಗಲಿಲ್ಲ.

'ಅದಕ್ಕೇ ತೆಗೆದುಹಾಕಿದ್ದು' ಎಂದ. 'ಅವಳು ಸುಮ್ಮನಿದ್ದದ್ದು ಬೇಡ ಅಂತಲ್ಲ. ನಾನು ತಿನ್ನೋದು ಜನಕ್ಕೆ ಕೇಳಬಾರದು ಅಂತ. ಅಷ್ಟೇ. ಅಷ್ಟಕ್ಕೇ.' ಹೇಳಿದಮೇಲೆ ಅದು ಅವನು ಹೆದರಿದ್ದಕ್ಕಿಂತ ಸಣ್ಣದಾಗಿ ಕೇಳಿಸಿತು. ಸಣ್ಣದಾಗಿದ್ದೇ ಹೆಚ್ಚು ನಾಚಿಕೆಯಾಯಿತು. ದೊಡ್ಡ ತಪ್ಪಾಗಿದ್ದರೆ ಅದಕ್ಕೊಂದು ಮರ್ಯಾದೆಯಾದರೂ ಇರುತ್ತಿತ್ತು.

'ದೊಡ್ಡಮ್ಮಂಗೆ ಹೇಳಿದ್ಯಾ?'

'ಇಲ್ಲ.'

'ಮೊದಲು ಅವಳ ಹತ್ರ ಹೋಗೋದು ಬಿಟ್ಟು ನನ್ನ ಹತ್ರ ಯಾಕೆ ಬಂದೆ?'

ಅವನು ಗಾಜಿನ ಮೇಜಿನತ್ತ ನೋಡಿದ. ಗಲ್ಲಾಪೆಟ್ಟಿಗೆಯ ಬಳಿ ಚಿಲ್ಲರೆ ಸದ್ದಾಯಿತು, ಗಿರಾಕಿ ಬಾಗಿಲು ತಳ್ಳಿಕೊಂಡು ಹೊರಗೆ ಹೋದ. 'ಬೆಳಿಗ್ಗೆ ಅವಳೇ ಫೋನ್ ಮಾಡಿ ಕೇಳಿದ್ಲು, ನಾನು ಅಷ್ಟು ಬೇಗ ಹೇಳಿದ್ನೇನೋ ಅಂತ. ಹೌದು, ಹಾಗೇ ಇತ್ತು ಅಂದೆ.'

ಮಣಿ ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಕೋಟಿನ ಜೇಬಿನಿಂದ ತನ್ನ ಫೋನು ತೆಗೆದು, ನಂಬರು ಒತ್ತಿ, ಗಾಜಿನ ಮೇಜಿನ ಮೇಲೆ ಅವನ ಮುಂದೆ ಇಟ್ಟಳು. ಎಲ್ಲರಿಗೂ ಕೇಳುವಂತೆ ಇಟ್ಟಳು. ಗಂಟೆ ಒಂದೇ ಸಲ ಬಡಿಯಿತು. ಫೋನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳೋ ಏನೋ ಅತ್ತೆ.

'ಮಣೀ? ಮಣಿನೇನೇ?'

ಆ ದನಿಯಲ್ಲಿದ್ದ ಸಂತೋಷವನ್ನು ಕೇಳಿ ಅವನು ಒಂದು ಹೆಜ್ಜೆ ಹಿಂದೆ ಸರಿದ. ಮಣಿಯ ಕಡೆ ನೋಡಿದ. ಅವಳು ಕೈಕಟ್ಟಿ ನಿಂತಿದ್ದಳು, ಸಹಾಯಕ್ಕೆ ಬರುವ ಲಕ್ಷಣವಿರಲಿಲ್ಲ.

'ಮಾತಾಡೇ ಮಣಿ. ಅಳ್ತಿದೀಯಾ?' ಅವನು ತುಟಿ ಅಲ್ಲಾಡಿಸಿದ, ಸದ್ದು ಹೊರಡಲಿಲ್ಲ. ಅತ್ತೆ ಫೋನಿಡಲಿಲ್ಲ. ಅವಳ ಮನೆಯ ಫ್ಯಾನಿನ ಕಿರಗುಟ್ಟುವಿಕೆ ಕೇಳಿಸಿತು, ಹಿಂದೆಲ್ಲೋ ತೊಟ್ಟಿಕ್ಕುವ ನಲ್ಲಿ. 'ಇರ್ಲಿ ಬಿಡು' ಎಂದಳು ಸ್ವಲ್ಪ ಹೊತ್ತಿನ ಮೇಲೆ. 'ನಿಧಾನಕ್ಕೆ ಹೇಳು. ನಾನು ಇಲ್ಲೇ ಇರ್ತೀನಿ.'

'ಮಣಿ ಅಲ್ಲ ಅತ್ತೆ' ಎಂದ ಅವನು. 'ನಾನು. ಬೆಳಿಗ್ಗೆ ನಿಂಗೆ ಸುಳ್ಳು ಹೇಳ್ದೆ. ನೀನು ಬೇಗ ಹೇಳಿರ್ಲಿಲ್ಲ. ತುಂಬಾ ಹೊತ್ತು ಸುಮ್ನಿದ್ದೆ. ನಿನ್ನ ನೆನಪೇ ಸರಿ. ಅದನ್ನ ಕತ್ತರಿಸಿದ್ದು ನಾನು.'

ಆ ಕಡೆಯಿಂದ ಮಾತು ಬರಲಿಲ್ಲ. ನಲ್ಲಿ ತೊಟ್ಟಿಕ್ಕಿತು. ಅತ್ತೆಯ ಉಸಿರು ಒಮ್ಮೆ ಹತ್ತಿರ ಬಂದು ಮತ್ತೆ ದೂರವಾಯಿತು. ಏನಾದರೂ ಹೇಳಿ ಆ ಖಾಲಿಯನ್ನು ತುಂಬಿಬಿಡೋಣ, ಕ್ಷಮಿಸು ಅನ್ನೋಣ, ಲೈನು ಸರಿಯಿಲ್ಲ ಅನ್ನೋಣ ಎಂದು ಅವನ ಬಾಯಿ ಚಡಪಡಿಸಿತು. ಎರಡೂ ಕೈಗಳನ್ನು ಗಾಜಿನ ಮೇಲೆ ಊರಿ, ಬಾಯಿ ಮುಚ್ಚಿಕೊಂಡು, ಅವನು ಕಾದ.